ಅಲುಗಿದ ಗಳಿಗೆ ಬರೆದಿಡಿ

(ಭೂಕಂಪ ವೀಕ್ಷಣಾಲಯದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ವೀಕ್ಷಕಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಮ್ಮ ಊರಿನಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ನೆಲದೊಳಗಿಂದ ‘ಧಡ್’ ಎಂಬ ಸದ್ದು ಶುರುವಾಗುತ್ತದೆ. ತಗಡು ಗಡಗಡ ಎನ್ನುತ್ತದೆ, ಗಡಿಗೆಗಳು ಉರುಳುತ್ತವೆ. 2021ರಲ್ಲಿ ಗಡಿಕೇಶ್ವಾರದ ಸುತ್ತಮುತ್ತ ಇದೇ ಆಗಿತ್ತು. ನಮ್ಮ ಅತ್ತೆ ಮನೆಯೊಳಗೆ ಮಲಗಲು ಒಪ್ಪುವುದಿಲ್ಲ, ಕಣದಲ್ಲಿ ಹಾಸಿಕೊಳ್ಳುತ್ತಾರೆ. ಇದು ದೊಡ್ಡ ಭೂಕಂಪದ ಮುನ್ಸೂಚನೆಯೇ?
– ಗೃಹಿಣಿ, ಚಿಂಚೋಳಿ ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಒಂದು ಮಾತು. ಅತ್ತೆಯವರನ್ನು ದಯವಿಟ್ಟು ಗದರಿಸಬೇಡಿ. ಅವರ ವಯಸ್ಸಿನವರಿಗೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪ ನೆನಪಿರುತ್ತದೆ.

ಸದ್ದಿನ ವಿಷಯ ಹೇಳುತ್ತೇನೆ. ಕೆಲವೇ ಕಿಲೋಮೀಟರ್ ಆಳದಲ್ಲಿ ಬಂಡೆ ಸ್ವಲ್ಪ ಜಾರಿದರೂ ಅಲ್ಲಿಂದ ಹೊರಟ ಮೊದಲ ಅಲೆ ನೆಲವನ್ನು ಬಹಳ ವೇಗವಾಗಿ ಕುಲುಕುತ್ತದೆ. ಆ ಕುಲುಕಾಟ ನಮ್ಮ ಕಿವಿಗೆ ಕೇಳಿಸುವಷ್ಟು ಚುರುಕಾಗಿದ್ದರೆ ಗಾಳಿಗೆ ದಾಟಿ ಗುಡುಗಿನಂತೆ ಕೇಳುತ್ತದೆ. ಗಟ್ಟಿ ಬಂಡೆಯ ಪ್ರದೇಶದಲ್ಲಿ ಇದು ಹೆಚ್ಚು. ಸದ್ದು ದೊಡ್ಡದಾಗಿದೆ ಎಂದರೆ ಕಂಪನ ದೊಡ್ಡದು ಎಂದಲ್ಲ, ಹತ್ತಿರದ್ದು ಎಂದು. ಇನ್ನು ಮಳೆಯ ನಂಟು. ಜೋರು ಮಳೆಯ ನೀರು ಬಿರುಕುಗಳಲ್ಲಿ ಇಳಿಯುತ್ತಾ ಹೋದಂತೆ ಒಳಗಿನ ನೀರಿನ ಒತ್ತಡ ಏರುತ್ತದೆ. ಮೊದಲೇ ಬಿಗಿದುಕೊಂಡಿದ್ದ ಬಿರುಕು ಆಗ ಸಡಿಲಗೊಂಡು ಜಾರುತ್ತದೆ. ಇಂತಹ ಸಣ್ಣ ಕಂಪನಗಳ ಸರಣಿ ವಾರಗಟ್ಟಲೆ ನಡೆದು ತಾನಾಗಿ ನಿಂತುಹೋದ ಉದಾಹರಣೆಗಳೇ ಹೆಚ್ಚು.

ಆದರೆ ‘ಏನೂ ಆಗುವುದಿಲ್ಲ’ ಎಂದು ನಾನು ಬರೆಯಲಾರೆ. ಕಿಲ್ಲಾರಿಯಲ್ಲಿಯೂ 1992ರ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಸಣ್ಣ ಕಂಪನಗಳು ಬಂದಿದ್ದವು. ಜನ ಹೆದರಿದರು, ಆಮೇಲೆ ನೆಲ ಸುಮ್ಮನಾಯಿತು, ಜನರೂ ಮರೆತರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕಕ್ಕೆ ನಾಲ್ಕು ನಿಮಿಷ ಬಾಕಿ ಇರುವಾಗ, 6.2ರ ಭೂಕಂಪ ಬಂತು. ಹಿಂದಿನ ರಾತ್ರಿ ಗಣೇಶನ ವಿಸರ್ಜನೆ ಮುಗಿಸಿ ತಡವಾಗಿ ಬಂದು ಮಲಗಿದ್ದ ಜನ. ಸತ್ತವರು ಹತ್ತು ಸಾವಿರದ ಹತ್ತಿರ. ಆಗ ಚಾಲ್ತಿಯಲ್ಲಿದ್ದ ಭೂಕಂಪ ವಲಯ ನಕ್ಷೆಯಲ್ಲಿ ಆ ಪ್ರದೇಶ ಒಂದನೇ ವಲಯದಲ್ಲಿತ್ತು, ಅಂದರೆ ಅತ್ಯಂತ ಸುರಕ್ಷಿತ ಎಂದು ಗುರುತಿಸಿದ ಜಾಗದಲ್ಲಿ. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು.

ಪಶ್ಚಾತ್ ಕಂಪನಗಳನ್ನು ದಾಖಲಿಸಲು ನಾನು ಅಲ್ಲಿಗೆ ಹೋಗಿದ್ದೆ. ನಮ್ಮ ಸಂಚಾರಿ ಯಂತ್ರಕ್ಕೆ ಆಗ ಬೇಕಾಗಿದ್ದದ್ದು ಮಸಿ ಕಾಗದ. ನುಣುಪು ಕಾಗದವನ್ನು ಉರುಳೆಗೆ ಸುತ್ತಿ, ಸೀಮೆಎಣ್ಣೆ ದೀಪದ ಹೊಗೆಗೆ ಹಿಡಿದು, ಕಾಡಿಗೆಯಂತೆ ಸಮನಾಗಿ ಕಪ್ಪಾಗುವವರೆಗೆ ತಿರುಗಿಸಬೇಕು. ಆಮೇಲೆ ಸೂಜಿ ಅದರ ಮೇಲೆ ಬಿಳಿ ಗೆರೆ ಕೊರೆಯುತ್ತಾ ಹೋಗುತ್ತದೆ. ಮರುದಿನ ಕಾಗದವನ್ನು ಅರಗಿನ ದ್ರಾವಣದಲ್ಲಿ ಅದ್ದಿ, ದಾರಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದೆವು. ಬೆರಳು ತಗುಲಿದರೆ ಆ ಗಳಿಗೆಯ ಕಂಪನವೇ ಅಳಿಸಿಹೋಗುತ್ತಿತ್ತು. ಒಂದು ಸಂಜೆ ಕಾಗದ ಬದಲಿಸುತ್ತಿದ್ದಾಗ ಒಬ್ಬ ಅಜ್ಜ ಬಂದು ನಿಂತರು. ಮನೆಯವರಲ್ಲಿ ಉಳಿದದ್ದು ಅವರೊಬ್ಬರೇ. ‘ಈ ಗೆರೆ ನಮ್ಮ ಮನೆ ಬಿದ್ದದ್ದನ್ನೂ ಬರೆದಿದೆಯೇ?’ ಎಂದು ಕೇಳಿದರು. ಇಲ್ಲ ಅಜ್ಜ, ಅಂದು ಇಲ್ಲಿ ಯಂತ್ರವೇ ಇರಲಿಲ್ಲ ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಆ ಉತ್ತರ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಲ್ಲಿ ಜೀವ ತೆಗೆದದ್ದು ಗೋಡೆ ಮತ್ತು ಮಾಳಿಗೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳವು. ನೋಡಲು ಕೋಟೆಯಂತಿದ್ದರೂ ಒಳಮೈ ಮತ್ತು ಹೊರಮೈ ಎರಡು ಬೇರೆ ಬೇರೆ ಗೋಡೆಗಳು, ನಡುವೆ ತುಂಬಿದ್ದು ಚೂರುಗಲ್ಲು ಮತ್ತು ಮಣ್ಣು. ಕುಲುಕಿದಾಗ ಎರಡೂ ಪದರ ಬಿಚ್ಚಿಕೊಂಡವು. ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ವರ್ಷ ವರ್ಷವೂ ಮಣ್ಣು ಹಾಕುತ್ತಾ ಬಂದ ಮಾಳಿಗೆ ಮೇಲಿಂದ ಕುಸಿಯಿತು. ನಿಮ್ಮದೂ ಅಂತಹದೇ ಮನೆಯಾದರೆ, ಕಂಪನ ಯಾವಾಗ ಬರುತ್ತದೆ ಎಂದು ಕೇಳುವುದಕ್ಕೆ ಮೊದಲು ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆ ಎಂದು ಅಳೆಯಿಸಿ, ಭಾರ ಇಳಿಸಿ. ಗೋಡೆಯ ಒಳಮೈಯಿಂದ ಹೊರಮೈಗೆ ದಾಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಕೂರಿಸಬಹುದು. ಹೊಸದಾಗಿ ಕಟ್ಟುವುದಾದರೆ ಬಾಗಿಲ ಮೇಲ್ಮಟ್ಟದಲ್ಲಿ ಇಡೀ ಮನೆಗೆ ಸೊಂಟಪಟ್ಟಿಯಂತೆ ಕಬ್ಬಿಣ ಮತ್ತು ಕಾಂಕ್ರೀಟಿನ ಪಟ್ಟಿ ಹಾಕಿಸಿ. ಅದು ಆಗುವವರೆಗೆ ಅತ್ತೆಯವರು ಕಣದಲ್ಲಿ ಮಲಗುವುದರಲ್ಲಿ ತಪ್ಪೇನೂ ಇಲ್ಲ. ಹಾವು, ಚಳಿಗೆ ಮಾತ್ರ ವ್ಯವಸ್ಥೆ ಮಾಡಿಕೊಡಿ.

ಇಟಲಿಯ ಲಾಕ್ವಿಲಾ ಪಟ್ಟಣದಲ್ಲಿ 2009ರಲ್ಲಿ ಇಂತಹದೇ ಸಣ್ಣ ಕಂಪನಗಳ ಸರಣಿ ನಡೆಯುತ್ತಿತ್ತು. ಹೆದರಬೇಡಿ, ನಿಶ್ಚಿಂತೆಯಿಂದಿರಿ ಎಂಬ ಮಾತು ಅಧಿಕಾರಸ್ಥರಿಂದ ಬಂತು. ಏಪ್ರಿಲ್ 6ರ ರಾತ್ರಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ತಜ್ಞರ ಮೇಲೆ ಮೊಕದ್ದಮೆ ನಡೆದು, ಶಿಕ್ಷೆಯಾಗಿ, ಮೇಲಿನ ನ್ಯಾಯಾಲಯದಲ್ಲಿ ವಿಜ್ಞಾನಿಗಳು ಖುಲಾಸೆಯಾದರು. ನನಗೆ ಅದರಿಂದ ಉಳಿದದ್ದು ಇಷ್ಟು: ಹೆದರಿದ ಜನರಿಗೆ ಸುಳ್ಳು ಧೈರ್ಯ ಕೊಡಬಾರದು.

ಒಂದು ಕೆಲಸ ನಿಮ್ಮಿಂದ ಆಗಬೇಕು. ಮಕ್ಕಳ ಹಳೆಯ ನೋಟ್‌ಬುಕ್ ಒಂದನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿ. ನೆಲ ಅಲುಗಿದಾಗಲೆಲ್ಲ ಮೊಬೈಲ್ ನೋಡಿ ದಿನಾಂಕ, ಗಂಟೆ, ನಿಮಿಷ ಬರೆಯಿರಿ. ಸದ್ದು ಮೊದಲೋ ಅಲುಗಾಟ ಮೊದಲೋ, ಎಷ್ಟು ಹೊತ್ತು, ಏನು ಬಿತ್ತು, ಮಲಗಿದ್ದವರು ಎದ್ದರೇ, ಇಷ್ಟು ಸಾಕು. ಪಕ್ಕದ ಎರಡು ಹಳ್ಳಿಗಳಲ್ಲಿಯೂ ಒಬ್ಬೊಬ್ಬರಿಗೆ ಹೇಳಿ. ಆ ಪುಟಗಳ ಪ್ರತಿಯನ್ನು ತಹಶೀಲ್ದಾರರಿಗೂ, ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೂ ಕಳುಹಿಸಿ. ಯಂತ್ರಗಳು ದೂರದೂರದಲ್ಲಿರುತ್ತವೆ. ನಡುವಿನ ಹಳ್ಳಿಗಳಲ್ಲಿ ಏನಾಯಿತು ಎಂಬುದು ಅಲ್ಲಿರುವವರಿಗೇ ಗೊತ್ತು.

ಪ್ರಶ್ನೆ: ಇಂತಹ ದಿನ ದೊಡ್ಡ ಭೂಕಂಪ ಎಂದು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸಂದೇಶ ಬರುತ್ತದೆ. ಚಂಡಮಾರುತವನ್ನು ನಾಲ್ಕು ದಿನ ಮೊದಲೇ ಹೇಳುವವರಿಗೆ ಇದು ಯಾಕೆ ಸಾಧ್ಯವಿಲ್ಲ? ಪ್ರಾಣಿಗಳಿಗೆ ತಿಳಿಯುತ್ತದೆಯಂತೆ.
– ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಮೇಷ್ಟ್ರೇ, ಚಂಡಮಾರುತ ಉಪಗ್ರಹದ ಕಣ್ಣಿಗೆ ಬೀಳುತ್ತದೆ. ಭೂಕಂಪ ಹುಟ್ಟುವ ಬಿರುಕು ಹಲವು ಕಿಲೋಮೀಟರ್ ಬಂಡೆಯ ಕೆಳಗಿದೆ. ಅಲ್ಲಿಗೆ ಇಳಿದು ನೋಡುವ ಪ್ರಯತ್ನವೂ ನಡೆದಿದೆ. ಮಹಾರಾಷ್ಟ್ರದ ಕೊಯ್ನಾ ಪ್ರದೇಶದಲ್ಲಿ ಕೇಂದ್ರದ ಭೂವಿಜ್ಞಾನ ಸಚಿವಾಲಯ ಮೂರು ಕಿಲೋಮೀಟರ್ ಆಳದ ಕೊಳವೆ ಕೊರೆಸಿದೆ. ಆದರೂ ದಿನಾಂಕ ಹೇಳುವುದಕ್ಕೂ ಅದಕ್ಕೂ ಬಹಳ ದೂರವಿದೆ.

ಒಮ್ಮೆ ಹೇಳಿ ಗೆದ್ದದ್ದುಂಟು. ಚೀನಾದ ಹೈಚೆಂಗ್‌ನಲ್ಲಿ 1975ರ ಫೆಬ್ರುವರಿ 4ರಂದು ಸಣ್ಣ ಕಂಪನಗಳ ಸಾಲು ನೋಡಿ ಜನರನ್ನು ಮನೆಯಿಂದ ಹೊರಗೆ ಕಳುಹಿಸಿದರು, ಸಂಜೆ ಭೂಕಂಪ ಬಂತು, ಬಹಳ ಜನ ಉಳಿದರು. ಮರುವರ್ಷ ಜುಲೈ 28ರಂದು ಅದೇ ದೇಶದ ತಾಂಗ್‌ಶಾನ್‌ನಲ್ಲಿ ಅಂತಹ ಸುಳಿವೇ ಇರಲಿಲ್ಲ. ಅಧಿಕೃತ ಲೆಕ್ಕದಲ್ಲಿಯೇ ಸತ್ತವರು ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಅಮೆರಿಕದ ಪಾರ್ಕ್‌ಫೀಲ್ಡ್‌ನಲ್ಲಿ ಸರಾಸರಿ ಇಪ್ಪತ್ತೆರಡು ವರ್ಷಕ್ಕೊಮ್ಮೆ ಭೂಕಂಪ ಬರುತ್ತಿತ್ತು. ಮುಂದಿನದು 1993ರೊಳಗೆ ಎಂದು ಲೆಕ್ಕ ಹಾಕಿ, ನೆಲದ ತುಂಬ ಉಪಕರಣ ಹೂತು ಕಾದರು. ಅದು ಬಂದದ್ದು 2004ರಲ್ಲಿ.

ನಾಯಿ ಒಂದೆರಡು ಸೆಕೆಂಡ್ ಮೊದಲು ಬೊಗಳುವುದು ನಿಜವಿರಬಹುದು. ನಮಗೆ ತಿಳಿಯದ ಮೊದಲ ಸಣ್ಣ ಅಲೆ ಅದಕ್ಕೆ ತಿಳಿಯುತ್ತದೆ. ಅದು ದಿನಗಟ್ಟಲೆ ಮೊದಲಿನ ಮುನ್ಸೂಚನೆಯಲ್ಲ. ದಿನಾಂಕ ಹೇಳುವ ಸಂದೇಶ ಬಂದರೆ ಅಳಿಸಿಹಾಕಿ, ಕಳುಹಿಸಿದವರಿಗೂ ತಿಳಿಸಿ ಹೇಳಿ. ನೀವು ಪಾಠ ಮಾಡಿದವರು, ನಿಮ್ಮ ಮಾತನ್ನು ಕೇಳುತ್ತಾರೆ.

ಪ್ರಶ್ನೆ: ಮೇಡಂ, ಶಾಲೆಯಿಂದ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸ ಹೋಗಿದ್ದೆವು. ಕಂಬಗಳಂತಿರುವ ಕಲ್ಲುಗಳು ಲಾವಾದಿಂದ ಆದವು ಎಂದು ಟೀಚರ್ ಹೇಳಿದರು. ನಮ್ಮ ಕರ್ನಾಟಕದಲ್ಲಿ ಜ್ವಾಲಾಮುಖಿ ಮತ್ತೆ ಬರುತ್ತದೆಯೇ? ಜ್ವಾಲಾಮುಖಿಯ ಹತ್ತಿರ ಹೋಗದೆ ಅದನ್ನು ಹೇಗೆ ಓದುತ್ತಾರೆ?
– ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಮಗಳೇ, ಬರುವುದಿಲ್ಲ. ನೀನು ಮುಟ್ಟಿ ನೋಡಿದ ಕಲ್ಲಿಗೆ ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ಭೂಭಾಗದಿಂದ ಬಿಡಿಸಿಕೊಂಡು ದೂರ ಸರಿಯುತ್ತಿದ್ದ ಕಾಲದ ಲಾವಾ ಅದು. ಆರುತ್ತಾ ಕುಗ್ಗುವಾಗ ಕೆಸರು ಬಿರಿದಂತೆ ಬಿರಿದು ಕಂಬಗಳಾಯಿತು. ಉತ್ತರ ಕರ್ನಾಟಕದ ಕಪ್ಪು ಕಲ್ಲು, ಎರೆಮಣ್ಣು ಇನ್ನೊಂದು ಲಾವಾದ್ದು, ಅದು ಸುಮಾರು 6.6 ಕೋಟಿ ವರ್ಷ ಹಳೆಯದು. ಎರಡರ ಬೆಂಕಿಯೂ ಆರಿದೆ. ಈಗ ಭಾರತದಲ್ಲಿ ಜೀವಂತವಾಗಿರುವುದು ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಅಲ್ಲಿ ಜನವಸತಿ ಇಲ್ಲ.

ನಿನ್ನ ಎರಡನೇ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಭೂಕಂಪ ಹೇಳದೆ ಬರುತ್ತದೆ, ಆದರೆ ಜ್ವಾಲಾಮುಖಿ ಏಳುವ ಮುಂಚೆ ಸಾಮಾನ್ಯವಾಗಿ ಮೈಮುರಿಯುತ್ತದೆ. ಕರಗಿದ ಕಲ್ಲು ಮೇಲೇರುವಾಗ ಸುತ್ತಲ ಬಂಡೆ ಬಿರಿದು ಸಣ್ಣ ಕಂಪನಗಳಾಗುತ್ತವೆ, ಬೆಟ್ಟದ ಮೈ ಉಬ್ಬುತ್ತದೆ, ಗಂಧಕದ ಅನಿಲ ಹೆಚ್ಚುತ್ತದೆ. ಇವನ್ನು ಕಂಪನಮಾಪಕ, ಜಿಪಿಎಸ್, ಉಪಗ್ರಹದ ರೇಡಾರ್ ಮತ್ತು ಅನಿಲ ಅಳೆಯುವ ಉಪಕರಣಗಳಿಂದ ದೂರದಲ್ಲಿಯೇ ನಿಂತು ನೋಡಬಹುದು.

ಫಿಲಿಪ್ಪೀನ್ಸಿನ ಪಿನಾಟುಬೊ ಬೆಟ್ಟದ ಕತೆ ಕೇಳು. ಶತಮಾನಗಳಿಂದ ಕಾಡು ಬೆಳೆದು ಮಲಗಿತ್ತು. 1991ರ ಏಪ್ರಿಲ್‌ನಲ್ಲಿ ಹಬೆ ಚಿಮ್ಮಿತು. ಆ ದೇಶದ ವಿಜ್ಞಾನಿಗಳು ಅಮೆರಿಕದವರ ಜೊತೆ ಸೇರಿ ಬೆಟ್ಟದ ಸುತ್ತ ಕಂಪನಮಾಪಕ ಇಟ್ಟರು, ವಿಮಾನದಿಂದ ಅನಿಲ ಅಳೆದರು. ಮೇ ಮಧ್ಯದಲ್ಲಿ ದಿನಕ್ಕೆ ಸುಮಾರು 500 ಟನ್ ಇದ್ದ ಗಂಧಕದ ಡೈಆಕ್ಸೈಡ್ ಎರಡೇ ವಾರದಲ್ಲಿ 5,000 ಟನ್ ದಾಟಿತು. ಜನ ಮಾತ್ರ ನಂಬಲು ಸಿದ್ಧರಿರಲಿಲ್ಲ. ಆಗ ಮಾರಿಸ್ ಮತ್ತು ಕಾಟ್ಯಾ ಕ್ರಾಫ್ಟ್ ದಂಪತಿ ಸೆರೆಹಿಡಿದ ಜ್ವಾಲಾಮುಖಿ ದೃಶ್ಯಗಳ ವಿಡಿಯೊವನ್ನು ಅಧಿಕಾರಿಗಳಿಗೂ ಜನರಿಗೂ ತೋರಿಸಿದರು. ಹತ್ತಾರು ಸಾವಿರ ಜನ ಹೊರಟರು. ಜೂನ್ 15ರಂದು ಬೆಟ್ಟ ಸಿಡಿಯಿತು. ಸಾವಿರಾರು ಜೀವ ಉಳಿದವು. ಕ್ರಾಫ್ಟ್ ದಂಪತಿ ಅದನ್ನು ನೋಡಲಿಲ್ಲ, ಜೂನ್ 3ರಂದು ಜಪಾನಿನ ಉನ್‌ಜೆನ್ ಜ್ವಾಲಾಮುಖಿಯ ಬಿಸಿಬೂದಿಯ ಪ್ರವಾಹದಲ್ಲಿ ತೀರಿಕೊಂಡಿದ್ದರು.

ಇನ್ನೊಂದನ್ನೂ ಹೇಳಬೇಕು, ನೀನು ದೊಡ್ಡವಳಾಗುತ್ತಿದ್ದೀಯೆ. ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಎಂಬ ಹಿಮಬೆಟ್ಟ 1985ರ ನವೆಂಬರ್ 13ರ ರಾತ್ರಿ ಸಿಡಿಯಿತು. ದೊಡ್ಡ ಸ್ಫೋಟವೇನಲ್ಲ. ಹಿಮ ಕರಗಿ ಕೆಸರಿನ ಹೊಳೆಯಾಗಿ ಅರ್ಮೆರೊ ಪಟ್ಟಣಕ್ಕೆ ಇಳಿಯಲು ಎರಡು ಗಂಟೆಗೂ ಹೆಚ್ಚು ಬೇಕಾಯಿತು. ಯಾವ ದಾರಿಯಲ್ಲಿ ಕೆಸರು ಹರಿಯಬಹುದು ಎಂಬ ನಕ್ಷೆ ಒಂದು ತಿಂಗಳ ಹಿಂದೆಯೇ ತಯಾರಾಗಿತ್ತು. ಆದರೂ ಜನರನ್ನು ಎಬ್ಬಿಸಲಿಲ್ಲ. ಸುಮಾರು 23,000 ಜನ ಸತ್ತರು. ಆ ನಕ್ಷೆ ಬರೆದವರ ಸಂಕಟ ಎಂಥದ್ದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಪ್ರಶ್ನೆ: 5ರ ಭೂಕಂಪ 4ರದ್ದಕ್ಕಿಂತ ಸ್ವಲ್ಪವೇ ದೊಡ್ಡದಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಅಲ್ಲ. ಒಂದು ಅಂಕ ಏರಿದರೆ ಯಂತ್ರದ ಗೆರೆ ಹತ್ತು ಪಟ್ಟು ದೊಡ್ಡದಾಗುತ್ತದೆ, ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. ಎರಡು ಅಂಕಕ್ಕೆ ಸಾವಿರ ಪಟ್ಟು. ಆದ್ದರಿಂದ ‘ಸಣ್ಣ ಸಣ್ಣವು ಬಂದರೆ ಒಳಗಿನ ಒತ್ತಡವೆಲ್ಲ ಕರಗಿಹೋಗುತ್ತದೆ’ ಎಂಬ ಮಾತನ್ನು ಕೂಡ ನಂಬಬೇಡಿ. 6ರ ಒಂದು ಭೂಕಂಪಕ್ಕೆ ಸಮನಾಗಬೇಕಾದರೆ 4ರವು ಸಾವಿರ ಬೇಕು.

ಪ್ರಶ್ನೆ: ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ರಾತ್ರಿ ಮನೆ ಅಲುಗಿದರೆ ಅಮ್ಮ ಏನೂ ಮಾತನಾಡದೆ ದೀಪ ಹಚ್ಚಿ ಕೂರುತ್ತಿದ್ದಳು. ಅದೂ ಭೂಕಂಪವೇ?
– ಓದುಗರು, ಕೆಜಿಎಫ್

ಉತ್ತರ: ನಿಮ್ಮ ಅಮ್ಮ ಕಾಯುತ್ತಿದ್ದದ್ದು ರಾಕ್ ಬರ್ಸ್ಟ್‌ನ ಸುದ್ದಿಗೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆಯ ಮೇಲೆ ಅಪಾರ ಭಾರ. ಅದಿರು ತೆಗೆದು ಟೊಳ್ಳಾದ ಕಡೆ ಆ ಬಂಡೆ ಒಮ್ಮೆಲೇ ಸಿಡಿಯುತ್ತದೆ. ಯಂತ್ರದ ಕಾಗದದ ಮೇಲೆ ಅದು ಸಣ್ಣ ಭೂಕಂಪದಂತೆಯೇ ಕಾಣುತ್ತದೆ. ಕೋಲಾರದ ಗಣಿಗಳಲ್ಲಿ ಈ ಸಿಡಿತಗಳನ್ನು ದಶಕಗಳ ಕಾಲ ದಾಖಲಿಸಿ ಓದಿದ್ದಾರೆ. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೇ ನಿಮ್ಮ ಊರಿನಲ್ಲಿ. ಗಣಿ 2001ರಲ್ಲಿ ಮುಚ್ಚಿದರೂ ಸುರಂಗಗಳಿಗೆ ನೀರು ತುಂಬುತ್ತಾ ಹೋದಂತೆ ಕಂಪನ ಪೂರ್ತಿ ನಿಲ್ಲಲಿಲ್ಲ. ಅಮ್ಮ ಇದ್ದರೆ ಆ ರಾತ್ರಿಗಳ ಬಗ್ಗೆ ಕೇಳಿ ಬರೆದುಕೊಳ್ಳಿ. ಕೇಳುವವರು ಕಡಿಮೆಯಾಗುತ್ತಿದ್ದಾರೆ.

ಪ್ರಶ್ನೆ: ಬಿ.ಎಸ್ಸಿ. ಓದುತ್ತಿದ್ದೇನೆ. ಈ ಕೆಲಸಕ್ಕೆ ಬರಬೇಕೆಂಬ ಆಸೆ. ಈಗ ಎಲ್ಲವನ್ನೂ ಕಂಪ್ಯೂಟರ್ ಮಾಡುತ್ತದಲ್ಲ, ಮನುಷ್ಯರು ಬೇಕೇ?
– ವಿದ್ಯಾರ್ಥಿ, ತುಮಕೂರು

ಉತ್ತರ: ಖಂಡಿತ ಬೇಕು. ಭೌತಶಾಸ್ತ್ರ ಮತ್ತು ಗಣಿತ ಗಟ್ಟಿ ಮಾಡಿಕೊಂಡು ಭೂಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರಗಳ ಕೆಲಸವನ್ನು ಗಮನಿಸುತ್ತಿರಿ. ನಿಮಗೆ ಹತ್ತಿರವೇ ಇರುವ ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ಸಹಕಾರದಿಂದ ಹೊಲಗದ್ದೆಗಳ ನಡುವೆ ‘ಎಲ್’ ಆಕಾರದಲ್ಲಿ ಇಪ್ಪತ್ತು ಕಂಪನಮಾಪಕಗಳನ್ನು ಇರಿಸಿತು. ದೂರದ ದೇಶಗಳು ನೆಲದಡಿ ಸಿಡಿಸುವ ಅಣುಬಾಂಬ್ ಯಾವುದು, ಭೂಕಂಪ ಯಾವುದು ಎಂದು ಬಿಡಿಸಿ ನೋಡುವುದು ಅದರ ಉದ್ದೇಶ.

ಆ ಬಿಡಿಸಿ ನೋಡುವ ಕಲೆಯೇ ನಮ್ಮ ಕೆಲಸದ ಜೀವ. ಚಿಕ್ಕಬಳ್ಳಾಪುರದ ಕಡೆಯ ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿಸಿದರೂ ಯಂತ್ರದಲ್ಲಿ ಗೆರೆ ಏಳುತ್ತದೆ. ಆದರೆ ಸ್ಫೋಟ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ, ಹಾಗಾಗಿ ಸುತ್ತಲಿನ ಎಲ್ಲ ಕೇಂದ್ರಗಳಲ್ಲಿಯೂ ಮೊದಲ ಗೆರೆ ಮೇಲಕ್ಕೇ ಹೋಗಬೇಕು. ಭೂಕಂಪದಲ್ಲಿ ಬಂಡೆ ಪಕ್ಕಕ್ಕೆ ಜಾರುವುದರಿಂದ ಕೆಲವು ಕೇಂದ್ರಗಳಲ್ಲಿ ಮೇಲಕ್ಕೆ, ಕೆಲವದರಲ್ಲಿ ಕೆಳಕ್ಕೆ. ಜೊತೆಗೆ ಗಡಿಯಾರ ನೋಡಬೇಕು. ಪ್ರತಿದಿನ ಮಧ್ಯಾಹ್ನ ಊಟದ ಹೊತ್ತಿಗೇ ಬರುವ ‘ಭೂಕಂಪ’ ಕ್ವಾರಿಯದ್ದೇ. ಕಂಪ್ಯೂಟರ್ ಸಾವಿರ ಗೆರೆ ಆರಿಸಿ ಕೊಡುತ್ತದೆ. ಯಾವುದನ್ನು ಸಂಶಯದಿಂದ ನೋಡಬೇಕೆಂದು ತಿಳಿಯಲು ಹಳ್ಳಿ, ಕ್ವಾರಿ, ರೈಲು ಹಳಿ ಎಲ್ಲಿವೆ ಎಂದು ಬಲ್ಲವರು ಬೇಕು.

ಪ್ರಶ್ನೆ: ಮನೆ ದುರಸ್ತಿ ಮಾಡಿಸುವಾಗ ನಮ್ಮ ಅಜ್ಜನ ಕಿರಾಣಿ ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳು ಸಿಕ್ಕಿವೆ. 1967ರ ಡಿಸೆಂಬರ್ ಪುಟದಲ್ಲಿ, ಬೆಲ್ಲ ಮತ್ತು ಎಣ್ಣೆಯ ಲೆಕ್ಕದ ನಡುವೆ, ಹೀಗೆ ಬರೆದಿದ್ದಾರೆ: ‘ಸೋಮವಾರ ನಸುಕಿಗೆ ನೆಲ ನಡುಗಿತು. ಮೊದಲು ಪಾತ್ರೆ ಕಟಕಟ ಅಂದವು. ರಾಮ ರಾಮ ಅಂತ ಹತ್ತು ಹದಿನೈದು ಸಲ ಅನ್ನುವಷ್ಟರಲ್ಲಿ ದೊಡ್ಡದಾಗಿ ಅಲುಗಿತು. ತಕ್ಕಡಿ ಬಿತ್ತು.’ ರದ್ದಿಗೆ ಹಾಕುವುದಕ್ಕೆ ಮೊದಲು ಕೇಳೋಣವೆಂದು ಬರೆದೆ. ಇದರಿಂದ ಯಾರಿಗಾದರೂ ಉಪಯೋಗವಿದೆಯೇ?
– ಓದುಗರು, ನಿಪ್ಪಾಣಿ

ಉತ್ತರ: ರದ್ದಿಗೆ ಹಾಕಬೇಡಿ, ಕೈಮುಗಿದು ಕೇಳುತ್ತೇನೆ. ಅದು 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ. ಬೆಳಗಿನ 4 ಗಂಟೆ 21 ನಿಮಿಷಕ್ಕೆ ಬಂದದ್ದು. ಅಂದು ಸೋಮವಾರವೇ. 1962ರಿಂದ ನೀರು ತುಂಬಿಸತೊಡಗಿದ ಕೊಯ್ನಾ ಜಲಾಶಯದಿಂದಲೇ ಅದು ಕೆರಳಿತು ಎಂಬುದನ್ನು ಜಗತ್ತಿನ ಭೂಕಂಪಶಾಸ್ತ್ರಜ್ಞರು ಇಂದಿಗೂ ಓದುತ್ತಿದ್ದಾರೆ.

ನಿಮ್ಮ ಅಜ್ಜ ಬರೆದದ್ದನ್ನು ನಾನು ನಾಲ್ಕು ಸಲ ಓದಿದೆ. ಭೂಕಂಪದಿಂದ ಎರಡು ಬಗೆಯ ಅಲೆ ಹೊರಡುತ್ತವೆ. ಮೊದಲನೆಯದು ಬಂಡೆಯಲ್ಲಿ ಸೆಕೆಂಡಿಗೆ ಸುಮಾರು ಆರು ಕಿಲೋಮೀಟರ್ ಓಡುತ್ತದೆ, ಅದರ ಅಲುಗಾಟ ಚಿಕ್ಕದು. ಎರಡನೆಯದು ಸುಮಾರು ಮೂರೂವರೆ ಕಿಲೋಮೀಟರ್, ಅದು ಜೋರು. ಎರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಭೂಕಂಪ ಎಷ್ಟು ಕಿಲೋಮೀಟರ್ ದೂರದಲ್ಲಿ ಆಯಿತು ಎಂಬ ಅಂದಾಜು ಸಿಗುತ್ತದೆ. ಮೂವತ್ತೊಂದು ವರ್ಷ ನಾನು ಕಾಗದದ ಮೇಲೆ ಅಳೆದದ್ದು ಇದನ್ನೇ. ನಿಪ್ಪಾಣಿಯಿಂದ ಕೊಯ್ನಾ ನೇರ ದಾರಿಯಲ್ಲಿ ಸುಮಾರು 130 ಕಿಲೋಮೀಟರ್. ಎಂಟರಿಂದ ಭಾಗಿಸಿದರೆ ಹದಿನಾರು ಸೆಕೆಂಡ್. ‘ರಾಮ ರಾಮ’ ಎಂದು ಹದಿನೈದು ಸಲ ನಿಧಾನವಾಗಿ ಹೇಳಿ, ಗಡಿಯಾರ ನೋಡಿ.

ಆ ಪುಟವನ್ನೂ ಅದರ ಹಿಂದುಮುಂದಿನ ಎರಡೆರಡು ಪುಟಗಳನ್ನೂ ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಪುಟವನ್ನು ಅಂಟಿನ ಟೇಪಿನಿಂದ ಸರಿಪಡಿಸಲು ಹೋಗಬೇಡಿ. ಅಂಗಡಿ ಯಾವ ಓಣಿಯಲ್ಲಿತ್ತು, ಮಣ್ಣಿನ ಗೋಡೆಯೋ ಕಲ್ಲಿನದೋ, ತಕ್ಕಡಿ ಮೊಳೆಗೆ ತೂಗುಹಾಕಿತ್ತೋ ಕಟ್ಟೆಯ ಮೇಲಿತ್ತೋ, ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಕೇಳಿ ಬರೆಯಿರಿ. ಡಿಸೆಂಬರ್ ಮುಗಿಯುವವರೆಗಿನ ಪುಟಗಳಲ್ಲಿ ‘ಮತ್ತೆ ನಡುಗಿತು’ ಎಂದೇನಾದರೂ ಇದೆಯೇ ಎಂದು ಸಾಲು ಸಾಲಾಗಿ ನೋಡಿ, ಅಜ್ಜ ಖಂಡಿತ ಬರೆದಿರುತ್ತಾರೆ.